ಟುಡು.ಟೆಕ್ಸ್ಟ್: ತಪ್ಪು ಕೆಲಸ ಮುಗದೈತಿ ಅಂತ ಬೀಳತೈತಿ, ಮ್ಯಾಲೆ ಗಿಟ್ ಕಾನ್‌ಫ್ಲಿಕ್ಟ್ ಬ್ಯಾರೆ

ಉಣಕಲ್_ಕೆರಿ:
ನಮಸ್ಕಾರ್ರಿ. ಹುಬ್ಬಳ್ಳ್ಯಾಗ ಮೂರು ಮಂದಿ ಸೇರಿ ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೋಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಾಕತ್ತೇವಿ. ಬಾಕಿ ಕೆಲಸದ ಪಟ್ಟಿ ಗಿಟ್ ರೆಪೊದಾಗಿನ (ಮೂವರೂ ಹಂಚಿಕೊಂಡ ಕೋಡ್ ಸಂಗ್ರಹ) ಟುಡು.ಟೆಕ್ಸ್ಟ್ ಫೈಲಿನ್ಯಾಗ ಸಾಲಿಗೊಂದರಂಗ ಐತಿ, ಟರ್ಮಿನಲ್ಲಿನ್ಯಾಗ ಅದರ ಸ್ಕ್ರಿಪ್ಟ್ ಓಡಸ್ತೇವಿ. 3ನೇ ಕೆಲಸ ಮುಗೀತು ಅಂತ ‘ಡು 3’ ಕೊಟ್ಟು ಆಮ್ಯಾಲೆ ‘ಡು 5’ ಕೊಟ್ರ, 5ನೇದು ಹಂಗ ಉಳದು ಅದರ ಕೆಳಗಿಂದು ಮಾಯ ಆಗತೈತಿ. ಇಬ್ಬರು ಒಮ್ಮೆಲೆ ‘ಆ್ಯಡ್’ ಕೊಟ್ಟು ಹೊಸ ಕೆಲಸ ಸೇರಿಸಿದ್ರ ಮರ್ಜ್ ಕಾನ್‌ಫ್ಲಿಕ್ಟ್, ಅಂದ್ರ ಇಬ್ಬರ ಬದಲಾವಣಿ ಗಿಟ್‌ಗೆ ತಾನ ಕೂಡಸಾಕ ಬರೂದಿಲ್ಲ. ಏನ್ ಮಾಡೂದ್ರಿ?

ಮುಳಗುಂದ_ನಾಕಾ:
ಮೊದಲನೇದು ಬಗ್ ಅಲ್ರಿ. ‘ಡು’ ಆದ ಕೂಡಲೆ ಸ್ಕ್ರಿಪ್ಟ್ ತಾನ ಆರ್ಕೈವ್ ಮಾಡತೈತಿ: ಮುಗದ ಸಾಲು ಡನ್.ಟೆಕ್ಸ್ಟ್‌ಗೆ ಹೋಗಿ, ಕೆಳಗಿನ ಸಾಲೆಲ್ಲಾ ಒಂದೊಂದು ಮ್ಯಾಲೆ ಏರತಾವು. ಹಳೇ 6 ಈಗ 5. ಎರಡೂ ಕೂಡೇ ‘ಡು 3 5’ ಅಂತ ಕೊಡ್ರಿ. ಎರಡಕ್ಕೂ ಗುರುತು ಹಾಕಿದ ಮ್ಯಾಲೆನ ಆರ್ಕೈವ್ ಆಗತೈತಿ. ಕಾಯಂ ಇಲಾಜು ಬೇಕಂದ್ರ ಕಾನ್ಫಿಗ್ ಫೈಲಿನ್ಯಾಗ ಆಟೋ ಆರ್ಕೈವ್ 0 ಮಾಡ್ರಿ, ವಾರಕ್ಕೊಮ್ಮೆ ಕೈಲೆ ‘ಆರ್ಕೈವ್’ ಕೊಡ್ರಿ.

ಕಾನ್‌ಫ್ಲಿಕ್ಟ್ ಯಾಕಂದ್ರ, ಹೊಸಾವೆಲ್ಲಾ ಫೈಲಿನ ಕಡೇ ಸಾಲಿಗೇ ಬೀಳತಾವು. ರೆಪೊದ ಗಿಟ್‌ಆ್ಯಟ್ರಿಬ್ಯೂಟ್ಸ್ ಫೈಲಿನ್ಯಾಗ ಟುಡು.ಟೆಕ್ಸ್ಟ್, ಡನ್.ಟೆಕ್ಸ್ಟ್ ಎರಡರ ಮುಂದೂ ‘ಮರ್ಜ್=ಯೂನಿಯನ್’ ಬರದು ಕಮಿಟ್ ಮಾಡ್ರಿ. ಇಬ್ಬರ ಸಾಲೂ ಉಳೀತಾವು.

ಬ್ಯಾಡಗಿ_ಕಡ್ಡಿ:
ಯೂನಿಯನ್ ಛಲೋ, ಆದ್ರ ಕಣ್ಣು ಮುಚ್ಚಿ ನಂಬಬ್ಯಾಡ್ರಿ. ಒಂದ ಸಾಲನ್ನ ಒಬ್ಬರು ಮುಗಿಸಿ, ಇನ್ನೊಬ್ಬರು ತಿದ್ದಿದ್ರ ಎರಡೂ ಪ್ರತಿ ಕುಂತುಬಿಡತಾವು. ಒಬ್ಬರು ಆರ್ಕೈವ್ ಮಾಡಿದಾಗ ಇನ್ನೊಬ್ಬರು ಅಲ್ಲೇ ಆಜುಬಾಜು ಬದಲಿ ಮಾಡಿದ್ರಂತೂ ಮುಗದ ಕೆಲಸ ಎದ್ದು ಬರತೈತಿ. ಅದಕ್ಕ ಆರ್ಕೈವ್ ಒಬ್ಬರ ಕೈಯಾಗ ಇರಲಿ: ಎಲ್ಲಾರೂ ಪುಶ್ ಮಾಡಿದ (ತಮ್ಮ ಬದಲಾವಣಿ ಕಳಿಸಿದ) ಮ್ಯಾಲೆ ಪುಲ್ (ಎಲ್ಲಾರದ್ದೂ ತಗೊಳ್ಳೂದು), ಆರ್ಕೈವ್, ಲಗೂನ ಪುಶ್.

ಇನ್ನೊಂದು, ಸಾಲು ಹಿಂಗ ಬರೀತಿದ್ರ:
(ಎ) ತೂಕದ ಚೀಟ್ಯಾಗ ಪೈಸೆ ಬಿಟ್ಟುಹೋಗತೈತಿ +ಬ್ಯಾಡಗಿ @ಪ್ರಿಂಟರ್
+ ಅಂದ್ರ ಪ್ರಾಜೆಕ್ಟ್, @ ಅಂದ್ರ ಸಂದರ್ಭ. ಕನ್ನಡ ಪ್ರಾಜೆಕ್ಟ್ ಹೆಸರು ನಡೀತೈತಿ. ಆದ್ರ ಕಂಸದಾಗಿನ ಆದ್ಯತೆ ಇಂಗ್ಲಿಷಿನ ದೊಡ್ಡ ಅಕ್ಷರನ ಆಗಬೇಕು. ಕನ್ನಡದ ‘ಎ’ ಹಾಕಿದ್ರ ಅದು ಬರೇ ಅಕ್ಷರ. +ಬ್ಯಾಡಗಿ, +ಬ್ಯಾಡ್ಗಿ ಅಂತ ಒಬ್ಬೊಬ್ಬರು ಒಂದೊಂದ್ ನಮೂನಿ ಬರದ್ರ ಎರಡು ಪ್ರಾಜೆಕ್ಟ್ ಆಗತಾವು. ಪ್ರಾಜೆಕ್ಟ್ ಹೆಸರೆಲ್ಲಾ ತೋರಿಸೂ ‘ಲಿಸ್ಟ್‌ಪ್ರಾಜ್’ ಕೊಟ್ಟು ನೋಡ್ರಿ, ಸಿಕ್ಕಬೀಳತಾವು.

ಉಣಕಲ್_ಕೆರಿ:
ಹೌದ್ರಿ, ಕನ್ನಡ ‘ಎ’ನೇ ಇತ್ತು! ಟಾಸ್ಕ್‌ವಾರಿಯರ್‌ಗೆ (ಟರ್ಮಿನಲ್ಲಿನ್ಯಾಗ ಓಡೂ ಇನ್ನೊಂದು ಕೆಲಸದ ಪಟ್ಟಿ ಸಾಫ್ಟ್‌ವೇರ್) ಹೋದ್ರ ಈ ನಂಬರಿನ ಕಿರಿಕಿರಿ ತಪ್ಪತೈತೇನ್ರಿ?

ಮುಳಗುಂದ_ನಾಕಾ:
ಪೂರ್ತಿ ಇಲ್ಲ. ಅಲ್ಲೂ ಪಟ್ಟಿ ತೋರಿಸುವಾಗ ಸಣ್ಣ ಐಡಿ ಮತ್ತ ಬದಲಾಗಬಹುದು. ಸ್ಕ್ರಿಪ್ಟ್ ಬರದ್ರ ಯುಯುಐಡಿದ (ಒಂದೊಂದು ಕೆಲಸಕ್ಕ ಇರೂ ಉದ್ದನ ಕಾಯಂ ಗುರುತು) ಮೊದಲ 8 ಅಕ್ಷರ ಬಳಸ್ರಿ, ಅದು ಕೆಲಸ ಮುಗದ್ರೂ ಬದಲಾಗೂದಿಲ್ಲ. ಅವಲಂಬನೆ, ಗಡುವು, ‘ಬ್ಯಾಡಗಿ.ಪ್ರಿಂಟ್’ ಅಂಥ ಉಪಪ್ರಾಜೆಕ್ಟ್ ಬೇಕಂದ್ರ ಅದು ಭಾಳ ಛಲೋ. ಆದ್ರ 2024ರಾಗ ಬಂದ 3.0 ಆವೃತ್ತಿಯಿಂದ ಡೇಟಾ ಎಸ್‌ಕ್ಯೂಲೈಟ್ ಅನ್ನೂ ಡೇಟಾಬೇಸ್ ಫೈಲಿನ್ಯಾಗ ಕುಂದ್ರತೈತಿ. ಗಿಟ್‌ಗೆ ಹಾಕಿ ಮೂವರು ಮರ್ಜ್ ಮಾಡೂ ಫೈಲ್ ಅಲ್ಲ ಅದು. ಹಳೇ ಆವೃತ್ತಿ 2ರಿಂದ ಮ್ಯಾಲೆ ಬರವರು ಮೊದಲ ‘ಎಕ್ಸ್‌ಪೋರ್ಟ್’ ಮಾಡಿ ಜೇಸನ್ (ಓದಾಕ ಬರೂ ಟೆಕ್ಸ್ಟ್ ರೂಪದ) ಪ್ರತಿ ತಗದಿಟ್ಟುಕೊಳ್ರಿ. ಒಬ್ಬರ ಸ್ವಂತ ಪಟ್ಟಿಗೆ ಟಾಸ್ಕ್‌ವಾರಿಯರ್, ಮೂವರ ಪಟ್ಟಿಗೆ ನಿಮ್ಮ ಟೆಕ್ಸ್ಟ್ ಫೈಲೇ ಇರ್ಲಿ.