ಧ್ಯಾನಕ್ಕೆ ಕೂತಾಗ ಉಕ್ಕುವ ದುಃಖವನ್ನು ಏನು ಮಾಡುವುದು?

ಪ್ರಶ್ನೆ:
ನಸುಕಿನಲ್ಲಿ ಎದ್ದು ಧ್ಯಾನಕ್ಕೆ ಕೂರುವ ನಿಯಮವನ್ನು ಬಹುಕಾಲದಿಂದ ಪಾಲಿಸುತ್ತಿದ್ದೇನೆ. ಆಪ್ತರೊಬ್ಬರನ್ನು ಕಳೆದುಕೊಂಡ ಮೇಲೆ, ಕಣ್ಣು ಮುಚ್ಚಿದೊಡನೆ ಅಳು ಉಕ್ಕಿ ಬರುತ್ತದೆ. ಅದುಮಿಟ್ಟು ಕೂತರೆ ಮನಸ್ಸು ಬರಡಾಗುತ್ತದೆ. ಎದ್ದುಬಿಟ್ಟರೆ ನಿಯಮ ಸಡಿಲವಾಯಿತೆಂಬ ಕೊರಗು ಉಳಿಯುತ್ತದೆ. ಇವೆರಡನ್ನೂ ಸರಿದೂಗಿಸುವುದು ಹೇಗೆ?

ಉತ್ತರ 1:
ಏಳಬೇಡಿ, ಅಳುವನ್ನು ತಡೆಯಲೂ ಬೇಡಿ. ನಿಯಮವಿರುವುದು ಕೂರುವ ಹೊತ್ತಿಗೆ. ಆ ಹೊತ್ತಿನಲ್ಲಿ ಏನು ಮೂಡಬೇಕೆಂದು ಅದು ವಿಧಿಸುವುದಿಲ್ಲ. ಗಂಟಲು ಬಿಗಿಯುವುದು, ಎದೆ ಭಾರವಾಗುವುದು, ಉಸಿರು ತಡೆತಡೆದು ಬರುವುದು, ಇವನ್ನೇ ಅಂದಿನ ಧ್ಯಾನದ ವಿಷಯವಾಗಿಸಿಕೊಂಡು ಸುಮ್ಮನೆ ಗಮನಿಸುತ್ತಾ ಹೋಗಿ.

ಉತ್ತರ 2:
ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ (ಅಧ್ಯಾಯದಲ್ಲಿ) 12ನೆಯ ಸೂತ್ರವು ಅಭ್ಯಾಸ, ವೈರಾಗ್ಯಗಳನ್ನು ಹೇಳಿದರೆ, 33ನೆಯದು ಮೈತ್ರಿ, ಕರುಣೆ, ಮುದಿತೆ (ಒಳಿತನ್ನು ಕಂಡು ಸಂತಸಪಡುವುದು), ಉಪೇಕ್ಷೆ (ಕೆಡುಕಿನ ಬಗ್ಗೆ ತಟಸ್ಥವಾಗಿರುವುದು) ಇವುಗಳನ್ನು ರೂಢಿಸಿಕೊಳ್ಳುವುದರಿಂದ ಚಿತ್ತ ತಿಳಿಯಾಗುತ್ತದೆ ಎನ್ನುತ್ತದೆ. ಭಾವವನ್ನು ಬೆಳೆಸುವುದೂ ಅಲ್ಲಿ ಸಾಧನೆಯೇ. ಅನೇಕರು ಇದನ್ನು ಓದಿಯೂ ದಾಟಿಹೋಗುತ್ತಾರೆಂದು ನನಗನಿಸುತ್ತದೆ. ನಿಮ್ಮ ದುಃಖದಲ್ಲಿರುವ ಪ್ರೀತಿಯನ್ನೇ ಕರುಣೆಯ ಅಭ್ಯಾಸಕ್ಕೆ ಮೊದಲ ಮೆಟ್ಟಿಲಾಗಿಸಿಕೊಳ್ಳಬಹುದು.

ಉತ್ತರ 3:
ನಿದ್ದೆ, ಊಟ ಕೆಟ್ಟಿದ್ದರೆ ಕೂರುವ ಅವಧಿಯನ್ನು ಕೆಲಕಾಲ ತಗ್ಗಿಸಿ. ಭಗವದ್ಗೀತೆಯ 6ನೆಯ ಅಧ್ಯಾಯವೂ ಆಹಾರ, ನಿದ್ರೆಗಳಲ್ಲಿ ಹಿತಮಿತವನ್ನೇ ಯೋಗಿಗೆ ವಿಧಿಸುತ್ತದೆ. ದುಃಖವು ಕುಗ್ಗದೆ ದಿನದ ಕೆಲಸಕ್ಕೇ ತೊಡಕಾದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬೇಡಿ.