ಹಳೇ ಆರ್‌ಸಿಸಿ ಮನೆ ಮೇಲೆ ಹಸಿರು ತಾರಸಿ ಮಾಡಿಸಬಹುದಾ? ಚಿಕ್ಕಮಗಳೂರಿನ ಮಳೆ ಗೊತ್ತಿರುವವರು ಹೇಳಿ

ಬೋರೆ ಬೀದಿಯವನು:

ನಮ್ಮ ಮನೆ ರತ್ನಗಿರಿ ಬೋರೆ ಕಡೆ, ಇಳಿಜಾರು ಬೀದಿಯಲ್ಲಿದೆ. 30-40 ಸೈಟು. ಅಪ್ಪ 1996ರಲ್ಲಿ ಕಟ್ಟಿಸಿದ್ದು. ತಾರಸಿ ಸುಮಾರು 900 ಚದರ ಅಡಿ. ಅದರ ನೀರೆಲ್ಲ ಎರಡು ಪೈಪಿನಲ್ಲಿ ಇಳಿದು ನೇರ ರಸ್ತೆಗೆ ಬೀಳುತ್ತದೆ. ಮೊದಲು ಅಕ್ಕಪಕ್ಕ ಖಾಲಿ ಸೈಟುಗಳಿದ್ದವು, ಅಲ್ಲೇ ಇಂಗುತ್ತಿತ್ತು. ಈಗ ಪೂರ್ತಿ ಮನೆಗಳು, ಅಂಗಳಕ್ಕೂ ಕಾಂಕ್ರೀಟು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಒಂದು ಸಲ ಜೋರಾಗಿ ಹೊಡೆದರೆ ಸಾಕು, ಚರಂಡಿ ಉಕ್ಕಿ ಕೆಳಗಿನ ಮನೆ ಅಜ್ಜಿಯ ಅಡುಗೆಮನೆ ಹೊಸ್ತಿಲವರೆಗೆ ನೀರು ಬರುತ್ತದೆ. ಅಜ್ಜಿ ಒಬ್ಬರೇ ಇರೋದು. ಮೋಡ ಕಟ್ಟಿದ ಕೂಡಲೇ ಗೋಣಿಚೀಲ ಸುತ್ತಿ ಬಾಗಿಲಿಗೆ ಅಡ್ಡ ಇಡುತ್ತಾರೆ. ಅದರಲ್ಲಿ ನಮ್ಮ ತಾರಸಿ ನೀರೂ ಇದೆ ಅನ್ನೋದು ನನಗೆ ಸರಿ ಕಾಣುತ್ತಿಲ್ಲ.

ಎಲ್ಲರೂ ತಾರಸಿ ಮೇಲೆ ಶೀಟ್ ಹಾಕಿಸು ಅಂತಾರೆ. ಸೋರೋದು ನಿಲ್ಲಬಹುದು, ಆದರೆ ರಸ್ತೆಗೆ ಹೋಗುವ ನೀರು ಕಮ್ಮಿ ಆಗಲ್ಲ ಅಲ್ವಾ? ತಾರಸಿ ಮೇಲೆ ಮಣ್ಣು ಹಾಸಿ ಗಿಡ ಬೆಳೆಸಿದರೆ ನೀರು ಹಿಡಿಯುತ್ತದೆ ಅಂತ ಓದಿದೆ. ನಮ್ಮ ಮಳೆಗೆ ಅದು ಆಗುತ್ತಾ? ಮನೆ ಭಾರ ತಡೆಯುತ್ತಾ?

ಕಡೂರು ಸೈಟ್ ಇಂಜಿನಿಯರ್:

ಮೊದಲು ಭಾರದ ಲೆಕ್ಕ ನೋಡಿ ಸರ್. ಓಡಾಡುವ ತಾರಸಿಗೆ ಐಎಸ್ 875ರ (ಕಟ್ಟಡದ ಭಾರ ಲೆಕ್ಕಹಾಕುವ ಭಾರತೀಯ ಮಾನಕ) ಪ್ರಕಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಲೈವ್ ಲೋಡ್ ಹಿಡಿಯುತ್ತೇವೆ. ಅದು ಜನ ಓಡಾಡಲಿಕ್ಕೆ, ಸಾಮಾನು ಇಡಲಿಕ್ಕೆ. ಮಣ್ಣು ಹಾಗಲ್ಲ, ವರ್ಷಪೂರ್ತಿ ಕೂತೇ ಇರುವ ಭಾರ. ಅದನ್ನು ಬೇರೆಯಾಗಿ ಸೇರಿಸಬೇಕು. ತೋಟದ ಮಣ್ಣು ನಾಲ್ಕು ಇಂಚು ಹಾಕಿದರೆ, ನೆನೆದಾಗ ಚದರ ಮೀಟರಿಗೆ 180ರಿಂದ 200 ಕೆ.ಜಿ. ತೂಗುತ್ತದೆ. ತೆಂಗಿನ ನಾರಿನ ಪುಡಿಯಂಥದ್ದು ಸೇರಿಸಿದ ಹಗುರ ಮಿಶ್ರಣ ಅಷ್ಟೇ ದಪ್ಪ ಹಾಕಿದರೆ 120ರಿಂದ 150. 1996ರ ಮನೆಗೆ ಡ್ರಾಯಿಂಗ್ ಇದೆಯಾ ನೋಡಿ. ಇಲ್ಲದಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಮೋಲ್ಡಿನ (ಕಾಂಕ್ರೀಟ್ ಚಾವಣಿ) ದಪ್ಪ, ಕಂಬಿ, ಸ್ಪ್ಯಾನ್ (ಆಧಾರಗಳ ನಡುವಿನ ಅಂತರ) ಎಲ್ಲ ನೋಡಿಯೇ ಹೇಳಬೇಕು. ಸೀಲಿಂಗಿನಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ, ಅದನ್ನು ಸರಿಮಾಡಿಸುವವರೆಗೆ ಮಣ್ಣಿನ ಮಾತೇ ಬೇಡ.

ಕೋಟೆ ಕಡೆಯವಳು:

ನಮ್ಮ ಮನೆ ಗ್ಯಾರೇಜು ಮತ್ತು ಹಿಂದಿನ ರೂಮಿನ ಮೇಲೆ ಇದನ್ನು ಮಾಡಿಸಿದ್ದೇವೆ. ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ನಿಮ್ಮ 900 ಅಡಿ ಸುಮಾರು 84 ಚದರ ಮೀಟರ್. ಗುಡುಗು ಮಳೆ 40 ಮಿ.ಮೀ. ಸುರಿದರೆ ಮೂರು ಸಾವಿರ ಲೀಟರಿಗೂ ಜಾಸ್ತಿ. ಬರೀ ಕಾಂಕ್ರೀಟಿನ ಮೇಲೆ ಬಿದ್ದರೆ ಅದು ಆ ಕ್ಷಣಕ್ಕೇ ರಸ್ತೆಗೆ ಇಳಿಯುತ್ತದೆ. ನಾಲ್ಕು ಇಂಚಿನ ಮಿಶ್ರಣ ಒಣಗಿದ್ದಾಗ 25ರಿಂದ 35 ಮಿ.ಮೀ. ನೀರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮುಂದಿನ ತಾರಸಿಯ ಪೈಪು ಧೋ ಅಂತ ಸುರಿಯುವಾಗ ಹಿಂದಿನ ಪೈಪಿನಲ್ಲಿ ಹನಿಯೂ ಇರುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ ಬೆರಳು ದಪ್ಪ ಧಾರೆ ಶುರುವಾಗುತ್ತದೆ, ಮಳೆ ನಿಂತ ಮೇಲೂ ಹಾಗೇ ಬರುತ್ತಿರುತ್ತದೆ. ನಿಮ್ಮ ಅಜ್ಜಿ ಮನೆಗೆ ನೀರು ನುಗ್ಗುವುದು ಇಂಥ ಮಳೆಗೇ ಆದ್ದರಿಂದ ಖಂಡಿತ ಮಾಡಿಸಿ ಅನ್ನುತ್ತೇನೆ.

ಆದರೆ ಜುಲೈ ಮಳೆಗೆ ಈ ಲೆಕ್ಕ ನಡೆಯುವುದಿಲ್ಲ. ಪುನರ್ವಸು, ಪುಷ್ಯ ಹಿಡಿಯಿತು ಅಂದರೆ ಮಣ್ಣು ಒಣಗೋದೇ ಇಲ್ಲ. ಆಗ ಮೇಲೆ ಬಿದ್ದದ್ದು ಹೆಚ್ಚುಕಮ್ಮಿ ಪೂರ್ತಿ ಕೆಳಗೆ ಬರುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ. ಜರ್ಮನಿಯಲ್ಲಿ ವರ್ಷದ ಮಳೆಯಲ್ಲಿ ಅರ್ಧ ಹಿಡಿಯುತ್ತದೆ ಅಂತೆಲ್ಲ ಬರೆದಿರುತ್ತಾರೆ. ಅಲ್ಲಿ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬರುತ್ತದೆ. ನಮ್ಮದು ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುವ ಮಳೆ. ಅದಕ್ಕೇ ಮಲೆನಾಡ ಸೆರಗಿನಲ್ಲಿ ಹಸಿರು ತಾರಸಿ ಮಾಡಿಸುವವರು ನೀರು ಹಿಡಿಯೋದಕ್ಕಿಂತ ನೀರು ಹೊರಗೆ ಹೋಗೋ ದಾರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಗಿಡ ಯಾವುದು ಅನ್ನೋದು ಆಮೇಲಿನ ಮಾತು.

ನಮ್ಮಲ್ಲಿ ಮೊದಲು ವಾಟರ್‌ಪ್ರೂಫಿಂಗ್ ಮಾಡಿ, ಮೋಲ್ಡ್ ಕ್ಯೂರಿಂಗಿಗೆ ಕಟ್ಟುವ ಹಾಗೆ ಗಾರೆ ಕಟ್ಟೆ ಕಟ್ಟಿ, ಎರಡು ಇಂಚು ನೀರು ಎರಡು ದಿನ ನಿಲ್ಲಿಸಿದೆವು. ಕೆಳಗಿನ ರೂಮಿನ ಸೀಲಿಂಗನ್ನು ಟಾರ್ಚ್ ಹಾಕಿ ಮೂಲೆಮೂಲೆ ನೋಡಿಯೇ ಮುಂದಿನ ಕೆಲಸ. ಇದನ್ನು ಬಿಡಲೇಬೇಡಿ. ಮಣ್ಣು ಹಾಕಿದ ಮೇಲೆ ಸೋರಿದರೆ ಎಲ್ಲಿ ಅಂತ ಹುಡುಕೋದು ಭಾರಿ ಕಷ್ಟ. ಅದರ ಮೇಲೆ ಬೇರು ಇಳಿಯದಂಥ ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಆಮೇಲೆ ನೀರು ಹರಿಯಲು ಗುಳಿಗುಳಿ ಇರುವ ಡ್ರೈನ್ ಶೀಟು, ಅದರ ಮೇಲೆ ಮಣ್ಣು ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ವಾಟರ್‌ಪ್ರೂಫಿಂಗ್ ಪದರ ಪ್ಯಾರಪಿಟ್ ಗೋಡೆ ಮೇಲೂ ಮಣ್ಣಿಗಿಂತ ಅರ್ಧ ಅಡಿ ಎತ್ತರಕ್ಕೆ ಹೋಗಬೇಕು. ಪೈಪಿನ ಬಾಯಿ ಸುತ್ತ ಒಂದೂವರೆ ಅಡಿ ಬರೀ ಜಲ್ಲಿ, ಜಾಲರಿ ಮುಚ್ಚಳ. ಎರಡೂ ಪೈಪು ಕಟ್ಟಿಕೊಂಡರೆ ನೀರು ಹೊರಗೆ ಹೋಗಲಿ ಅಂತ ಪ್ಯಾರಪಿಟ್ಟಿಗೆ ಇನ್ನೊಂದು ತೂತು ಬೇರೆ.

ಮಿಶ್ರಣಕ್ಕೆ ಒಳ್ಳೆ ಸಾಮಾನು ನಮ್ಮೂರಲ್ಲೇ ಇದೆ. ಹಳೇ ಹೆಂಚಿನ ಮನೆ ಕೆಡವಿದ ಕಡೆ ಒಡೆದ ಮಂಗಳೂರು ಹೆಂಚು ಬಿದ್ದಿರುತ್ತದೆ. ಅದನ್ನು ಕುಟ್ಟಿಸಿ, ಕಡಲೆಕಾಳಿನಷ್ಟು ಚೂರನ್ನು ಜರಡಿ ಹಿಡಿಸಿ, ಧೂಳು ತೊಳೆಸಿದೆ. ಹಗುರ, ನೀರು ಹೀರುತ್ತದೆ, ಕೊಳೆಯುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಅದೇ. ಉಳಿದದ್ದು ತೆಂಗಿನ ನಾರಿನ ಪುಡಿ, ಸ್ವಲ್ಪ ಮಣ್ಣು, ಚೆನ್ನಾಗಿ ಕಳಿತ ಕಾಫಿ ಸಿಪ್ಪೆ ಗೊಬ್ಬರ. ಗೊಬ್ಬರ ಸಿಗುತ್ತದೆ ಅಂತ ಸುಮ್ನೆ ಜಾಸ್ತಿ ಸುರಿಯಬೇಡಿ. ಅದು ಕರಗಿ ಮಣ್ಣು ಕುಗ್ಗುತ್ತದೆ, ಪೈಪಿನಲ್ಲಿ ಚಹಾ ಬಣ್ಣದ ನೀರು ಬರುತ್ತದೆ.

ಶೀಟ್ ಹಾಕಿಸಿದವನು:

ಅಕ್ಕ, ನೀವು ಹೇಳಿದ್ದು ಸರಿ ಇರಬಹುದು. ಆದರೆ ಇಲ್ಲಿ ಜನ ಶೀಟ್ ಹಾಕಿಸೋದು ಶೀತಕ್ಕೆ ಬೇಸತ್ತು. ಮೂರು ತಿಂಗಳು ಗೋಡೆಯೆಲ್ಲ ಬೂಷ್ಟು, ಬಟ್ಟೆ ಒಣಗಲ್ಲ. ಅದರ ಮೇಲೆ ಒದ್ದೆ ಮಣ್ಣು ಬೇರೆ ಹೊರಿಸಬೇಕಾ? ನಾನು ಶೀಟಿಗೆ ದೋಣಿ ಕೂರಿಸಿ ನೀರನ್ನು ಸಂಪಿಗೆ ಬಿಟ್ಟಿದ್ದೇನೆ. ಬಟ್ಟೆ ಒಗೆಯಲು, ಗಿಡಕ್ಕೆ ಅದೇ. ಖರ್ಚೂ ಕಮ್ಮಿ.

ಕೋಟೆ ಕಡೆಯವಳು:

ನಿಮ್ಮದೂ ನೀರು ಹಿಡಿಯುವ ದಾರಿಯೇ ಅಣ್ಣ, ಸಂಪು ಖಾಲಿ ಇರುವವರೆಗೆ. ತುಂಬಿದ ಮೇಲೆ ಆ ನೀರು ಎಲ್ಲಿಗೆ ಬಿಟ್ಟಿದ್ದೀರಿ ಅನ್ನೋದು ಮುಖ್ಯ. ಶೀತ ಬರೋದು ಕಾಂಕ್ರೀಟಿಗೆ ನೀರು ಇಳಿದರೆ. ವಾಟರ್‌ಪ್ರೂಫಿಂಗ್ ಸರಿ ಇದ್ದರೆ ಮೇಲಿನ ಮಣ್ಣು ಒದ್ದೆ ಇದ್ದರೂ ಕೆಳಗೆ ಬರಲ್ಲ. ನಮ್ಮ ಹಿಂದಿನ ರೂಮಿಗೆ ಬಂದಿಲ್ಲ. ಮಾರ್ಚ್‌ನಲ್ಲಿ ಮಧ್ಯಾಹ್ನ ಆ ರೂಮು ಎಷ್ಟು ತಂಪು ಅಂದರೆ ಅತ್ತೆ ಮಲಗೋದು ಅಲ್ಲೇ. ಆದರೆ ಈಗಾಗಲೇ ಸೋರುತ್ತಿರುವ ಮೋಲ್ಡಿನ ಮೇಲೆ ಸೋರಿಕೆ ಮುಚ್ಚಲಿಕ್ಕೆ ಅಂತ ಮಣ್ಣು ಹಾಸುವುದು ತಪ್ಪು. ಅಂಥ ಮನೆಗೆ ನಿಮ್ಮ ಶೀಟೇ ಸರಿ.

ಬೋರೆ ಬೀದಿಯವನು:

ಎಲ್ಲರಿಗೂ ಧನ್ಯವಾದ. ಡ್ರಾಯಿಂಗ್ ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು. ಇಂಜಿನಿಯರಿಗೆ ತೋರಿಸುತ್ತೇನೆ. ಅಕ್ಕ, ಪೂರ್ತಿ ತಾರಸಿಗೆ ಮಾಡಿಸಬೇಕಾ? ಯಾವ ಗಿಡ? ಕೆಲಸ ಯಾವಾಗ ಶುರು ಮಾಡಲಿ?

ಕೋಟೆ ಕಡೆಯವಳು:

ಪೂರ್ತಿ ಬೇಡ. ಬಟ್ಟೆ ಒಣಗಿಸಲು, ಹಪ್ಪಳ ಹಾಕಲು ಜಾಗ ಬೇಕಲ್ಲ. ಅರ್ಧ ಮಾಡಿಸಿ. ಉಳಿದರ್ಧದ ನೀರು ಸಂಪಿಗೆ ಹೋಗಲಿ. ಎರಡೂ ಕಡೆಯಿಂದ ಹೆಚ್ಚಾಗಿ ಬಂದ ನೀರಿಗೆ ಇಂಗುಗುಂಡಿ ಮಾಡಬಹುದು, ಆದರೆ ಪಾಯದಿಂದ ದೂರ ಇರಬೇಕು. ನಿಮ್ಮದು ಇಳಿಜಾರು ಜಾಗ, ಅಲ್ಲಿ ಇಂಗಿಸಿದ ನೀರು ಕೆಳಗಿನ ಮನೆ ಗೋಡೆಯಲ್ಲಿ ಜಿನುಗಬಾರದು. ಅದನ್ನೂ ಇಂಜಿನಿಯರ್ ಹತ್ತಿರ ಕೇಳಿ.

ಗಿಡಕ್ಕೆ ದೊಡ್ಡಪತ್ರೆ, ಕಾಡುಬಸಳೆ, ರಿಯೋ, ಮಳೆ ಲಿಲ್ಲಿ ಚೆನ್ನಾಗಿ ಬರುತ್ತವೆ. ತೇವ ನಿಲ್ಲುವ ಅಂಚಿಗೆ ಒಂದೆಲಗ. ಗರಿಕೆ ಬೇಡ, ಅದರ ಬೇರು ಎಲ್ಲಿ ಬೇಕಾದರೂ ನುಗ್ಗುತ್ತದೆ. ಹಕ್ಕಿ ಹಿಕ್ಕೆಯಿಂದ ಅರಳಿ, ಅತ್ತಿ ಸಸಿ ಹುಟ್ಟಿಯೇ ಹುಟ್ಟುತ್ತವೆ, ಎರಡು ಎಲೆ ಇರುವಾಗಲೇ ಕಿತ್ತುಬಿಡಿ. ಬೇಸಿಗೆಯಲ್ಲಿ ನೀರು ಹಾಕಲೇಬೇಕು.

ವಾಟರ್‌ಪ್ರೂಫಿಂಗ್ ಜನವರಿ, ಫೆಬ್ರವರಿಯಲ್ಲಿ ಮುಗಿಸಿ, ಮೋಲ್ಡ್ ಪೂರ್ತಿ ಒಣಗಿರುವಾಗ. ಗಿಡ ಮೊದಲ ಮಳೆ ಬಿದ್ದ ಮೇಲೆ ನೆಡಿ, ಜುಲೈ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಈ ವರ್ಷ ಅಲ್ಲಿವರೆಗೆ ಆ ಎರಡು ಪೈಪಿನಲ್ಲಿ ಒಂದನ್ನಾದರೂ ರಸ್ತೆಯಿಂದ ತಪ್ಪಿಸಿ ಡ್ರಮ್ಮಿಗೆ ಬಿಡಿ, ಹೆಚ್ಚಾದದ್ದು ನಿಮ್ಮ ಹಿತ್ತಲಿಗೆ ಹೋಗುವ ಹಾಗೆ. ಪ್ಲಂಬರ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ.