ತೆಂಗಿನ ನುಸಿಗೆ ಪರಭಕ್ಷಕ ನುಸಿ ಎಲ್ಲಿ ಸಿಗುತ್ತೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಅಡಿಕೆ ತೋಟದ ಅಂಚಿಗೆ ತೆಂಗು. ಈ ಬೇಸಿಗೆಯಲ್ಲಿ ನುಸಿ ವಿಪರೀತ. ಹರಳಿನ (ಎಳೆ ಕಾಯಿಯ) ತೊಟ್ಟಿನ ಕೆಳಗೆ ಮೊದಲು ಬಿಳಿಚಿದ ತ್ರಿಕೋನದ ಮಚ್ಚೆ, ಆಮೇಲೆ ಅದೇ ಕಂದಾಗಿ ಸಿಪ್ಪೆ ಸೀಳುತ್ತೆ. ಕಾಯಿ ಸಣ್ಣ, ಸುಲಿಯೋಕೂ ಕಷ್ಟ.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಪೀಡೆ ಇದು. ತೊಟ್ಟಿನ ಎಸಳಿನ ಒಳಗೇ ಕೂತು ರಸ ಹೀರೋದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಾಗೋದೇ ಇಲ್ಲ. ಅದಕ್ಕೇ ನನಗೆ ನಿಯೋಸಿಯುಲಸ್ ಬರಾಕಿ ಅನ್ನೋ ಪರಭಕ್ಷಕ ನುಸಿ ಮೇಲೆ ಆಸೆ. ಮೈ ಚಪ್ಪಟೆ, ಉದ್ದ. ಆ ಸಂದಿಯೊಳಗೆ ನುಗ್ಗಿ ಪೀಡೆ ನುಸಿಯನ್ನು ಅಲ್ಲೇ ತಿನ್ನುತ್ತೆ. ಶ್ರೀಲಂಕಾದ ತೆಂಗು ಸಂಶೋಧನಾ ಸಂಸ್ಥೆಯವರು ಇದನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ.

ನಮ್ಮ ಶಿವಮೊಗ್ಗ ಕಡೆ ಯಾರಾದರೂ ಬಿಟ್ಟು ನೋಡಿದ್ದೀರಾ? ರೈತರಿಗೆ ಎಲ್ಲಿ ಸಿಗುತ್ತೆ, ಒಂದು ಮರಕ್ಕೆ ಎಷ್ಟು ಬೇಕು, ಯಾವ ವಯಸ್ಸಿನ ಗೊನೆಗೆ ಬಿಡಬೇಕು? ನಮ್ಮ ಮಳೆಗಾಲ ತಡೆದು ಉಳಿಯುತ್ತಾ ಅನ್ನೋದೇ ದೊಡ್ಡ ಚಿಂತೆ.

ಇನ್ನೊಂದು ವಿಷಯ. ಲೀಟರ್ ನೀರಿಗೆ 20 ಮಿ.ಲೀ. ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಸೋಪು ಸೇರಿಸಿ ಹೊಡೆಯುವ ಕ್ರಮ ಇದೆಯಲ್ಲ, ಅದನ್ನು ಹೊಡೆದ ಮರಕ್ಕೆ ಈ ನುಸಿ ಬಿಡಬಹುದಾ? ಗಂಧಕ ಹೊಡೆದರೆ ಒಳ್ಳೆಯ ನುಸಿಯೂ ಸಾಯುತ್ತೆ ಅನ್ನೋ ಭಯಕ್ಕೆ ನಾನು ಅದನ್ನು ಮುಟ್ಟಿಲ್ಲ.

ಸ್ವಂತ ತೋಟದಲ್ಲಿ ಮಾಡಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ. ಫಲ ಸಿಗದಿದ್ದರೆ ಅದನ್ನೂ ಹೇಳಿ, ಹೊಸ ಹೊಂಬಾಳೆ ಒಡೆಯೋದರೊಳಗೆ ನಾನು ತೀರ್ಮಾನ ಮಾಡಬೇಕು.